ಪೂವಮ್ಮನಿಲ್ಲದ ಶೋಭಾನೆ

ಅರವತ್ತರ ದಶಕದ ಆರಂಭದಲ್ಲಿ ನಾನು ರೇಡಿಯೋ ನಿಲ್ದಾಣವೊಂದರಲ್ಲಿ ಧ್ವನಿಮುದ್ರಣ ಸಹಾಯಕನಾಗಿದ್ದೆ. ಮೈಸೂರಿನಲ್ಲಿ ಪ್ರತಿವರ್ಷ ದೇಶವಿದೇಶಗಳ ಸಾಂಪ್ರದಾಯಿಕ ಸಂಗೀತದ ಉತ್ಸವವೊಂದು ನಡೆಯುತ್ತಿತ್ತು. ಆ ಸಲ ಸುಳ್ಯ ಸೀಮೆಯ ಮದುವೆ ಹಾಡಾದ ಶೋಭಾನೆಗೂ ಅವಕಾಶ ಸಿಕ್ಕಿತು. ಹಾಡುವವರನ್ನು ಕರೆತರುವ ಹೊಣೆ ನನ್ನದಾಯಿತು.

ಆ ಸೀಮೆಯ ಅರಂತೋಡಿನ ಕಾವೇರಮ್ಮ ಮತ್ತು ಅವರ ನಾದಿನಿ ಪೂವಮ್ಮ ಹರೆಯದಿಂದಲೂ ಜೊತೆಯಾಗಿ ಹಾಡಿದವರು. ಕಾವೇರಮ್ಮ ಒಂದು ಸಾಲು ಎತ್ತಿದರೆ ಪೂವಮ್ಮ ಅದನ್ನೇ ತಿರುಗಿ ಹಾಡಿ ಮರಳಿಸಬೇಕು. ಆಮೇಲೆಯೇ ಮುಂದಿನ ಸಾಲು. ಅವರ ಅಂಗಳದಲ್ಲೇ ಟೇಪ್ ರೆಕಾರ್ಡರ್ ಇಟ್ಟು ನಾನದನ್ನು ಮುದ್ರಿಸಿಕೊಂಡಿದ್ದೆ.

ಹೊರಡುವ ಬೆಳಿಗ್ಗೆ ಜೀಪು ಒಯ್ದರೆ ಪೂವಮ್ಮ ಜ್ವರದಿಂದ ಏಳಲಾರದೆ ಮಲಗಿದ್ದರು. ಅದೇ ಜೀಪಿನಲ್ಲಿ ಅವರನ್ನು ಪುತ್ತೂರಿನ ಆಸ್ಪತ್ರೆಗೆ ಸೇರಿಸಿದೆವು. ಟೈಫಾಯ್ಡ್ ಇರಬಹುದು ಎಂದರು ವೈದ್ಯರು. ಕಾವೇರಮ್ಮ ಅವರ ಹಾಸಿಗೆಯ ಬಳಿಯಿಂದ ಕದಲಲಿಲ್ಲ. ಕೊನೆಗೆ ಪೂವಮ್ಮನೇ, "ನೀವು ಹೋಗಿ ಅತ್ತಿಗೆ. ನಾನು ಇಲ್ಲೇ ಇರ್ತೇನೆ, ಎಲ್ಲಿಗೆ ಹೋಗುದು?" ಎಂದು ಕಳಿಸಿದರು.

"ಒಬ್ಬಳೇ ಹಾಡುದು ಹೇಗೆ ಸರ್? ಮರಳಿಸ್ಲಿಕ್ಕೆ ಜನ ಬೇಡ್ವಾ?" ಎಂದು ಕಾವೇರಮ್ಮ ದಾರಿಯುದ್ದಕ್ಕೂ ಕೇಳಿದರು. ಮೈಸೂರಿನಲ್ಲಿ ನಾನು ಟೇಪಿನ ಪ್ರತಿ ಮಾಡಿ, ಕಾವೇರಮ್ಮನ ಸಾಲುಗಳನ್ನು ಕತ್ತರಿಸಿ ತೆಗೆದು, ಅಲ್ಲೆಲ್ಲ ಅಷ್ಟೇ ಉದ್ದದ ಖಾಲಿ ಟೇಪ್ ಅಂಟಿಸಿದೆ. ಆ ಮೌನದಲ್ಲಿ ಅವರು ಹಾಡಬೇಕು; ಸ್ಪೀಕರಿನಿಂದ ಪೂವಮ್ಮ ಮರಳಿಸುತ್ತಾರೆ.

ಜಪಾನಿನ ಕೊಳಲುಗಾರರ ನಂತರ ಕಾವೇರಮ್ಮ ವೇದಿಕೆಗೆ ಬಂದರು. ಮೊದಲೆರಡು ಸಾಲು ಸರಿಹೋಯಿತು. ಮೂರನೆಯದನ್ನು ಅವರು ಮೈಮರೆತು ಎಳೆದರು. ಟೇಪ್ ಕಾಯಲಿಲ್ಲ. ಪೂವಮ್ಮನ ಧ್ವನಿ ಅವರ ಧ್ವನಿಯ ಮೇಲೇ ಬಂದುಬಿಟ್ಟಿತು. ಕಾವೇರಮ್ಮ ಸ್ಪೀಕರಿನತ್ತ ತಿರುಗಿ, "ಪೂವು, ನಿಲ್ಲು ಮಾರಾಯ್ತಿ" ಎಂದರು. ನಾನು ಯಂತ್ರ ನಿಲ್ಲಿಸಿದೆ. ಅವರು ಒಬ್ಬರೇ ಒಂದು ಸಾಲು ಹಾಡಿ ಕಾದರು. ಅಷ್ಟು ದೊಡ್ಡ ಸಭೆಯಲ್ಲಿ ಅದನ್ನು ಮರಳಿಸಬಲ್ಲವರು ಒಬ್ಬರೂ ಇರಲಿಲ್ಲ. ನನಗೂ ಹಾಡಿನ ಪದಗಳು ಬರುತ್ತಿರಲಿಲ್ಲ. ಕಾವೇರಮ್ಮ ಕೈಮುಗಿದು ಇಳಿದಾಗ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

"ಅವಳು ಯಾವತ್ತೂ ನನ್ನನ್ನು ಬಿಟ್ಟು ಮುಂದೆ ಹೋದವಳಲ್ಲ ಸರ್," ಎಂದರು ಪರದೆಯ ಹಿಂದೆ.

ಮರಳಿ ಪುತ್ತೂರಿಗೆ ಬಂದಾಗ ಪೂವಮ್ಮನಿಗೆ ಜ್ವರ ಇಳಿದಿತ್ತು. ಜ್ವರಕ್ಕೆಂದು ಆಸ್ಪತ್ರೆಯಲ್ಲಿ ಅವರ ಕೂದಲು ಕತ್ತರಿಸಿದ್ದರು.

"ಹಾಡು ಎಂತ ಆಯ್ತು ಅತ್ತಿಗೆ?"

"ಎಲ್ಲರೂ ಎದ್ದು ಚಪ್ಪಾಳೆ ಹೊಡೆದ್ರು," ಎಂದರು ಕಾವೇರಮ್ಮ, ನನ್ನತ್ತ ನೋಡದೆ.

ನಿವೃತ್ತಿಯವರೆಗೂ ಹಲವು ಊರುಗಳಿಗೆ ಯಂತ್ರ ಹೊತ್ತು ಹೋದೆ. ಹಾಡುವವರ ಹೆಸರು ಕೇಳಿದ ಕೂಡಲೇ, ಜೊತೆಗೆ ಯಾರಿದ್ದಾರೆ ಎಂದೂ ಕೇಳುತ್ತಿದ್ದೆ. ಆ ಇನ್ನೊಬ್ಬರು ಬರುವವರೆಗೆ ಯಂತ್ರದ ಪೆಟ್ಟಿಗೆ ತೆರೆಯುತ್ತಿರಲಿಲ್ಲ.