ಚಿಕ್ಕಪ್ಪನ ಅಂಗಿಯ ಜೇಬು

ಬ್ಯಾಟರಿ ಇಳಿದಿರಬಹುದು. ಪ್ಲಗ್ಗಿಗೆ ಮಸಿ ಹಿಡಿದಿರಬಹುದು. ಪೆಟ್ರೋಲಿಗೆ ನೀರು ಸೇರಿರಬಹುದು, ಕಾರ್ಬೊರೇಟರಿನಲ್ಲಿ ಕಸ ಕೂತಿರಬಹುದು, ಇಲಿ ವೈರು ಕಡಿದಿರಬಹುದು, ಆಗದವರು ಯಾರೋ ಸೈಲೆನ್ಸರಿಗೆ ಬಟ್ಟೆ ತುರುಕಿರಬಹುದು. ಕಾರು ನಿಂತರೆ ನನಗೆ ಇಷ್ಟೂ ಒಟ್ಟಿಗೇ ತೋಚುತ್ತವೆ. ಚೆನ್ನಾಗಿ ಓಡುತ್ತಿದ್ದರೂ ತೋಚುತ್ತವೆ, ಹುಟ್ಟುಗುಣ. ಆದರೆ ಸತ್ತವರ ಕೈವಾಡ ಇರಬಹುದೆಂದು ಮಾತ್ರ ತೋಚಿರಲಿಲ್ಲ. ದೆವ್ವ ಗಿವ್ವ ಎಂದವರನ್ನು ಕಂಡರೆ ನಗುತ್ತಿದ್ದೆ. ಬದುಕಿರುವವರಿಗೆ ಹೆದರಿಯೇ ಪುರಸೊತ್ತಿಲ್ಲದವನು ನಾನು.

ಎಪ್ಪತ್ತರ ದಶಕದ ಕೊನೆಯ ಮಾತು. ನ್ಯಾಮತಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ನನ್ನ ಚಿಕ್ಕಪ್ಪನಿಗೆ ಒಂದು ಹಳೆಯ ಅಂಬಾಸಿಡರ್ ಇತ್ತು. ಅವರ ಅಣ್ಣ, ಅಂದರೆ ಸಂತೇಬೆನ್ನೂರಿನ ನನ್ನ ದೊಡ್ಡಪ್ಪ, ಹೇಳದೆ ಕೇಳದೆ ಅದನ್ನು ಒಯ್ಯುತ್ತಿದ್ದರು. ಅದಕ್ಕೇ ಚಿಕ್ಕಪ್ಪ ಕಾರು ನಿಲ್ಲಿಸಿದ ಕೂಡಲೇ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ರೋಟರನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಹೆಬ್ಬೆರಳಿನಷ್ಟು ಚೂರು, ಅದಿಲ್ಲದಿದ್ದರೆ ಪ್ಲಗ್ಗಿಗೆ ಕಿಡಿ ಹೋಗದು. "ನಮ್ಮಣ್ಣ ಬಂದ್ರೆ ತಳ್ಕಂಡು ಹೋಗ್ಲಿ" ಎಂದು ಜೇಬು ತಟ್ಟಿಕೊಂಡು ನಗುತ್ತಿದ್ದರು.

ಅವರು ಸತ್ತಾಗಲೂ ರೋಟರ್ ಜೇಬಿನಲ್ಲೇ ಇತ್ತು. ಗೂಟದಲ್ಲಿದ್ದ ಆ ಅಂಗಿಯನ್ನು ಮುಟ್ಟಲು ಚಿಕ್ಕಮ್ಮ ಬಿಡಲಿಲ್ಲ. ದೊಡ್ಡಪ್ಪ ಹೊಸ ರೋಟರ್ ತರಿಸಿ ಹಾಕಿಸಿ, ಜೋಪಾನ ಮಾಡುವ ನೆಪದಲ್ಲಿ ಕಾರನ್ನು ಒಯ್ದರು. ಆಮೇಲೆ ಗಿರಣಿಯ ಮೇಲೆ ಕಣ್ಣು ಬಿತ್ತು. ಹೊನ್ನಾಳಿಯ ನೋಂದಣಿ ಕಚೇರಿಗೆ ಬಂದು ಗಿರಣಿ ಬರೆದುಕೊಡದಿದ್ದರೆ ಮನೆಯಿಂದಲೂ ಹೊರಗೆ ಹಾಕುವುದಾಗಿ ಚಿಕ್ಕಮ್ಮನನ್ನು ಹೆದರಿಸಿದ್ದರು. ಬರೆಸಲು ಗೊತ್ತುಮಾಡಿದ ದಿನವೇ ಸಂಜೆ ಜಗಳೂರಿನಿಂದ ಆಕೆಯ ಅಣ್ಣ ಬರುವವರಿದ್ದರು. ಅವರು ಬರುವುದರೊಳಗೆ ಕೆಲಸ ಮುಗಿಯಬೇಕು. ಕಾರು ಓಡಿಸಲು ನಾನು. ಬೇಡವೆನ್ನುವ ಧೈರ್ಯ ನನಗೆಲ್ಲಿಂದ ಬರಬೇಕು?

ಮಧ್ಯಾಹ್ನ ಚಿಕ್ಕಮ್ಮನ ಮನೆಯ ಮುಂದೆ ಕಾರು ನಿಲ್ಲಿಸಿದೆ. ದೊಡ್ಡಪ್ಪ ಇಳಿಯಲಿಲ್ಲ, ಎಲೆ ಅಡಿಕೆ ಜಗಿಯುತ್ತ ಮುಂದಿನ ಸೀಟಿನಲ್ಲೇ ಕೂತಿದ್ದರು. ನಾನು ಒಳಗೆ ಹೋಗಿ ಕರೆದೆ. ಚಿಕ್ಕಮ್ಮ ಮನೆಗೆ ಬೀಗ ಹಾಕಿ ಬಂದು ಹಿಂದೆ ಕೂತರು. ಕೀಲಿ ತಿರುಗಿಸಿದೆ. ಗರಗರ ಸದ್ದು ಬಂತು, ಅಷ್ಟೇ.

ನನ್ನ ಭಯಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸುವ ಯೋಗ ಅಂದು ಕೂಡಿಬಂತು. ಪ್ಲಗ್ ಉಜ್ಜಿದೆ, ಪೈಪು ಊದಿದೆ, ಸೈಲೆನ್ಸರಿಗೆ ಕೋಲು ಹಾಕಿದೆ. ದೊಡ್ಡಪ್ಪ ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ ತಿರುವಲು ಹೋಗಿ ಗೆಣ್ಣು ತರಚಿಕೊಂಡರು. ಕೊನೆಗೆ ತಾವೇ ತಳ್ಳತೊಡಗಿದರು. ಬೀದಿಯವರು ಕಟ್ಟೆಯ ಮೇಲೆ ಕೂತು ನೋಡಿದರು. ಒಬ್ಬರೂ ಕೈ ಹಾಕಲಿಲ್ಲ. "ಜೋರಾಗಿ ತಳ್ರೀ ಗೌಡ್ರೇ, ನಿಮ್ಮ ತಮ್ಮಂದೇ ಐತೆ!" ಎಂದು ಯಾರೋ ಕೂಗಿದರು. ನನಗೂ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

"ಬಸ್ಸಿಗೆ ಹೋಗಾಣ ದೊಡ್ಡಪ್ಪ."

"ಸತ್ತೋನ ಕಾರಿಗೆ ಸೋತು ಬಸ್ ಹತ್ತಲೇನಲೇ?"

ಚಿಕ್ಕಮ್ಮ ಆಗ ಮೊದಲ ಸಲ ಬಾಯಿ ತೆರೆದರು. "ಬದುಕಿದ್ದಾಗ್ಲೇ ಸೋಲ್ತಿದ್ರಲ್ಲ ಭಾವನೋರೆ."

ಕೊನೆಗೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದೆ. ಒಳಗೆ ರೋಟರ್ ಇರಲಿಲ್ಲ. ಅದಿಲ್ಲದೆ ಕಾರು ಸಂತೇಬೆನ್ನೂರಿನಿಂದ ಇಲ್ಲಿಗೆ ಬರುವಂತಿಲ್ಲ. ಬಂದ ಮೇಲೆ ನಾನೇ ಎತ್ತುವ ತನಕ ಬಾನೆಟ್ ಮುಚ್ಚಿಯೇ ಇತ್ತು. ಅದರ ಎದುರಿಗೇ ದೊಡ್ಡಪ್ಪ ಕೂತಿದ್ದರು. ಅವರ ಮುಖ ಬಿಳಿಚಿತು. "ಹೋಗಲೇ, ಅವನ ಅಂಗಿ ನೋಡು. ಹಳೇದು ಅದ್ರಾಗೇ ಇರ್ಬೇಕು" ಎಂದರು. ಚಿಕ್ಕಮ್ಮ ನನ್ನತ್ತ ನೋಡಿ, ಸೆರಗಿನ ಗಂಟಿನಿಂದ ಮನೆಯ ಬೀಗದ ಕೈ ಬಿಚ್ಚಿ ಕೊಟ್ಟರು.

ಬೀಗ ತೆಗೆದು ಒಳಗೆ ಹೋದೆ. ಅಂಗಿ ಗೂಟದಲ್ಲಿತ್ತು, ಜೇಬಿನ ಗುಂಡಿ ಹಾಕಿತ್ತು. ಗುಂಡಿ ಬಿಚ್ಚಿ ಕೈ ಹಾಕಿದೆ. ಮತ್ತೆ ಗುಂಡಿ ಹಾಕಿದೆ.

"ಸಿಕ್ತೇನಲೇ?" ಬೀದಿಯಿಂದ ದೊಡ್ಡಪ್ಪ ಕೂಗಿದರು.

"ಏನೂ ಇಲ್ಲ ದೊಡ್ಡಪ್ಪ" ಎಂದೆ. ಜೀವಮಾನದಲ್ಲಿ ಹೆದರದೆ ಹೇಳಿದ ಒಂದೇ ಮಾತು ಅದು.

ಕಚೇರಿಯ ಹೊತ್ತು ಮೀರಿತು. ಜಗಳೂರಿನ ಅಣ್ಣ ಬಸ್ಸಿಳಿದು ಬಂದರು, ಗಿರಣಿ ಚಿಕ್ಕಮ್ಮನಿಗೇ ಉಳಿಯಿತು. ದೊಡ್ಡಪ್ಪ ಮತ್ತೆ ಆ ಬೀದಿಗೆ ಕಾಲಿಡಲಿಲ್ಲ.

ಇಂದಿಗೂ ನನಗೆ ಅರ್ಥವಾಗಿಲ್ಲ. ಜೇಬಿನಲ್ಲಿದ್ದದ್ದು ಒಂದಲ್ಲ, ಎರಡು ರೋಟರ್. ಹಳೆಯದು ತಣ್ಣಗಿತ್ತು. ಹೊರಗೆ ಎಂಜಿನ್ ಕೂಡ ಆಗಲೇ ತಣ್ಣಗಾಗಿತ್ತು. ಹೊಸದು ಮಾತ್ರ, ಈಗಷ್ಟೇ ಕಿತ್ತು ಹಾಕಿದಂತೆ, ಕೈಗೆ ಬೆಚ್ಚಗೆ ತಾಗಿತು.