ಜಂಬೊ ಇಳಿಯುವ ಮೊದಲು

ನಮ್ಮ ಮಕ್ತಲ್‌ ಊರಿನ ಮೇಲೆ ವಿಮಾನ ಹಾದುಹೋದರೆ ತಕ್ಕಡಿ ಹಿಡಿದ ಶೆಟ್ಟರೂ ಒಂದು ಕ್ಷಣ ತಲೆಯೆತ್ತುತ್ತಾರೆ. ಆ ಕ್ಷಣದಲ್ಲಿ ತೂಕ ಯಾರ ಕಡೆ ವಾಲುತ್ತದೆಂಬುದು ಬೇರೆ ಮಾತು. ನಾನಂತೂ ಕತ್ತು ನೋಯುವ ತನಕ ನೋಡುವವನು. ಭೂಗೋಳದ ಮಾಸ್ತರಿಕೆಯಿಂದ ನಿವೃತ್ತನಾಗಿ ಆಕಾಶಕ್ಕೆ ಬಡ್ತಿ ಪಡೆದವನೆಂದು ನನ್ನ ಹೆಂಡತಿಯ ವ್ಯಾಖ್ಯಾನ. ಜನ್ಮದಲ್ಲಿ ವಿಮಾನ ಹತ್ತಿದವನಲ್ಲ. ಆದರೂ ನಮ್ಮ ದೇಶದ ವಿಮಾನಸಂಸ್ಥೆಯ ಅಗಲದೇಹಿ, ಅಂದರೆ ವೈಡ್‌ಬಾಡಿ, ವಿಮಾನಗಳ ಚರಿತ್ರೆಯನ್ನು ಬರೆದೇ ತೀರುತ್ತೇನೆಂದು ಹಟ ತೊಟ್ಟು ದಪ್ಪ ನೋಟುಬುಕ್ಕೊಂದನ್ನು ತುಂಬಿಸಿದ್ದೆ. ಕಿಟಕಿಗಳ ಸುತ್ತ ಅರಮನೆಯ ಕಮಾನು ಬರೆಸಿಕೊಂಡು ಮೆರೆದ ಜಂಬೊಗಳು, ನಾಲ್ಕು ಎಂಜಿನ್ನಿನ ಕೆಲಸವನ್ನು ಎರಡರಲ್ಲೇ ಮುಗಿಸಿ ಆ ಜಂಬೊಗಳನ್ನು ಮನೆಗೆ ಕಳಿಸಿದ ಹೊಸಬರು, ಒಳಗೆ ಸೀಟುಗಳ ನಡುವೆ ಎರಡೆರಡು ಓಣಿ, ಎಲ್ಲವೂ ಅದರಲ್ಲಿತ್ತು.

ಕೇಳುವವರು ಮಾತ್ರ ಇರಲಿಲ್ಲ. ಹೀಗಾಗಿ ಮರಿಕಲ್‌ನಿಂದ ಬಂದ ದೊಡ್ಡವ್ವ ಸಿದ್ದವ್ವನನ್ನು ಕೂರಿಸಿಕೊಂಡು ಓದಿದೆ. ಎಲೆಅಡಿಕೆ ಮೆಲ್ಲುತ್ತ ಕಡೆತನಕ ಕೇಳಿದಳು, ಪುಣ್ಯಾತ್ಗಿತ್ತಿ.

"ಛಲೋ ಬರದೀಯಪ್ಪಾ. ಅಷ್ಟು ದೊಡ್ಡದು ಇಳಿದದ್ದು ಯಾತರ ಮ್ಯಾಲ?"

"ರನ್‌ವೇ ಮ್ಯಾಲ, ದೊಡ್ಡವ್ವ."

"ಅದನ್ನ ಹಾಕಿದವ್ರು ಯಾರು?"

ಆ ಸಂಗತಿ ನನ್ನ ಗ್ರಂಥದಲ್ಲಿರಲಿಲ್ಲ; ಅವಳೇ ಹೇಳಿದಳು. ಹಳೆಯ ರನ್‌ವೇಗಳು ಜಂಬೊಗಳ ಭಾರಕ್ಕೆ ಸಾಲದೆ ದಪ್ಪವೂ ಅಗಲವೂ ಆಗಬೇಕಾದಾಗ, ಮೇಸ್ತ್ರಿಯ ಬೆನ್ನು ಹತ್ತಿ ಮುಂಬಯಿಗೆ ಹೋದ ನಮ್ಮ ಸೀಮೆಯ ಕೂಲಿಗಳಲ್ಲಿ ಹೊಸದಾಗಿ ಮದುವೆಯಾದ ಸಿದ್ದವ್ವನೂ ದೊಡ್ಡಪ್ಪನೂ ಇದ್ದರಂತೆ. ತಲೆಯ ಮೇಲೆ ಜಲ್ಲಿಯ ಪುಟ್ಟಿ, ಕಾಲಡಿಗೆ ಕುದಿಯುವ ಡಾಂಬರು.

"ನಿಮ್ಮ ದೊಡ್ಡಪ್ಪ ತೀರಿಹೋದ. ಅಂವ ಅಲ್ಲಿ ದುಡಿದಿದ್ದಕ್ಕ ಒಂದು ಚೀಟಿ ಸೈತ ಇಲ್ಲ. ನೀನೂ ಬರೀಲಿಲ್ಲಂದ್ರ, ನಾವು ಅಲ್ಲಿಗೆ ಹೋಗೇ ಇಲ್ಲ ಅಂದಂಗ ಆತು."

ನಾಚಿಕೆಯಿಂದ ಮುಖ ಬಿಸಿಯಾಯಿತು. ಮೂವತ್ತು ವರ್ಷ ಮಕ್ಕಳಿಗೆ ನೆಲದ ಪಾಠ ಹೇಳಿದ ಮಹಾಶಯ, ಚರಿತ್ರೆ ಬರೆಯಲು ಕುಳಿತಾಗ ನೆಲವನ್ನೇ ಬಿಟ್ಟಿದ್ದೆ! ಬರೆದದ್ದನ್ನೆಲ್ಲ ಬದಿಗಿಟ್ಟು, ಮರುದಿನ ಹೊಸ ನೋಟುಬುಕ್ಕಿನಲ್ಲಿ ಜಲ್ಲಿಯಿಂದಲೇ ಆರಂಭಿಸಿದೆ. ದೊಡ್ಡಪ್ಪ ದೊಡ್ಡವ್ವರ ಹೆಸರನ್ನು ದುಂಡಗೆ ಬರೆದು ಓದಿ ತೋರಿಸಿದೆ. ಮುದುಕಿಯ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡವಳೇ ಗದರಿದಳು.

"ನಾವಿಬ್ಬರೇ ಹಾಕಿದ್ವೇನು ಅದನ್ನ? ಬರಕೋ. ನಾರ್ವ ಊರಿನ ಈರಮ್ಮ. ಗುಂಡುಮಾಲ್‌ ಊರಿನ ಬೀರಪ್ಪ, ಅವನ ತಂಗಿ ಮಾಳವ್ವ..."

ಬರೆಯುತ್ತಲೇ ಇದ್ದೇನೆ, ಓದುಗ ಮಿತ್ರರೇ. ನಾಲ್ಕು ಪುಟವಾಯಿತು, ದೊಡ್ಡವ್ವನ ನೆನಪು ಇನ್ನೂ ಬತ್ತಿಲ್ಲ, ನನ್ನ ಚರಿತ್ರೆಯಲ್ಲಿ ಮೊದಲ ಜಂಬೊ ಇನ್ನೂ ಇಳಿದಿಲ್ಲ. ಹೆಸರುಗಳು ಮುಗಿಯುವ ತನಕ ನಾನು ಇಳಿಸುವುದೂ ಇಲ್ಲ.