ವೇಣಕ್ಕ ಮಾಡಿದ ಕಮಾಂಡ್

‘ಕೆಲಸ ಬೇಗ ಆಗಲಿ ಅಂತ ನಾನೊಂದು ಐಡಿಯಾ ಕೊಟ್ಟೆ, ಹುಡುಗರು ಮಾಡಿ ಮುಗಿಸಿದರು.’

ಬಳ್ಳಾರಿಯ ನಮ್ಮ ಕಂಪ್ಯೂಟರ್ ಸೆಂಟರಿಗೆ ಬಂದವರಿಗೆಲ್ಲ ಈಗ ನಮ್ಮ ಸಾಹೇಬರು ಹೇಳುವ ಕಥೆ ಇದು. ಕೇಳಲು ಚೆನ್ನಾಗಿದೆ. ನನ್ನದು ಎರಡೇ ತಕರಾರು: ಐಡಿಯಾ ಸಾಹೇಬರದ್ದಲ್ಲ, ಮಾಡಿದ್ದು ಹುಡುಗರಲ್ಲ.

ಮಾಡಿದವಳು ನನ್ನ ಪಕ್ಕದ ಕುರ್ಚಿಯ ವೇಣಕ್ಕ.

ನಮ್ಮದು ಸಣ್ಣ ಸೆಂಟರು. ಒಂದು ಕಂಪ್ಯೂಟರು, ಒಂದು ಎ.ಸಿ. (ಎ.ಸಿ. ಇರುವುದು ಕಂಪ್ಯೂಟರಿಗೆ. ನಮಗೆ ಉಳಿದದ್ದು.) ಸಿರುಗುಪ್ಪದ ಒಂದು ರೈಸ್‌ಮಿಲ್ಲಿಗೆ, ಕುರುಗೋಡಿನ ಒಂದಕ್ಕೆ ಭತ್ತದ ಚೀಟಿ ಮುದ್ರಿಸುವ ಪ್ರೋಗ್ರಾಮ್ ಬರೆದುಕೊಟ್ಟಿದ್ದೇವೆ. ಅದರಲ್ಲಿ ಒಂದಕ್ಷರ ತಿದ್ದಿದರೂ ಹನ್ನೊಂದು ಸಾಲಿನ ಕೆಲಸ: ಹಳೆಯದನ್ನು ಅಳಿಸು, ಹೊಸದನ್ನು ಕಂಪೈಲ್ ಮಾಡು, ಫ್ಲಾಪಿಗೆ ಕಾಪಿ ಮಾಡು, ಹೀಗೆ. ಸಾಹೇಬರ ಡೈರಿ ಹಿಡಿದು ನಾನು ಗಟ್ಟಿಯಾಗಿ ಓದಬೇಕು. ವೇಣಕ್ಕ ಟೈಪ್ ಮಾಡಿ ‘ಆತು’ ಅನ್ನಬೇಕು. ಆಮೇಲೇ ಮುಂದಿನ ಸಾಲು. ಪೂಜೆಗೂ ಇಷ್ಟು ಮಡಿ ಇರಲಿಕ್ಕಿಲ್ಲ. ಅದೂ ದಿನಕ್ಕೆ ಏಳೆಂಟು ಸಲ!

ವೇಣಕ್ಕನ ಆಸೆ ಒಂದೇ. ಮೋಕಾ ಊರಿನ ಹತ್ತಿ ಮಿಲ್ಲಿನ ಹೊಸ ಪ್ರೋಗ್ರಾಮನ್ನು ತಾನೇ ಬರೆಯಬೇಕು. ಕೇಳಿದಾಗಲೆಲ್ಲ ಸಾಹೇಬರ ಉತ್ತರವೂ ಒಂದೇ. ‘ನಿನ್ನ ಕೈಯಾಗ ತಪ್ಪಾಗಂಗಿಲ್ಲಮ್ಮಾ. ನೀ ಎದ್ದು ಹೋದ್ರ ಈ ಹನ್ನೊಂದು ಸಾಲು ಯಾರು ಟೈಪ್ ಮಾಡ್ತಾರ?’

ತಪ್ಪು ಮಾಡದಿರುವುದಕ್ಕೂ ಶಿಕ್ಷೆ ಉಂಟೇ?

ಕೊನೆಗೆ ತಪ್ಪಾಯಿತು. ಮಾಡಿದವನು ನಾನು. ಆರನೇ ಸಾಲಿಗೆ ಚಹಾ ಬಂತು. ಕುಡಿದು ಎಂಟನೆಯದನ್ನು ಓದಿದೆ. (ಏಳನೆಯದು ‘ಫ್ಲಾಪಿ ಬದಲಿಸು’.) ಸಿರುಗುಪ್ಪದ ಫ್ಲಾಪಿಯಲ್ಲಿ ಕುರುಗೋಡು ಹೋಗಿ ಕುಳಿತಿತು. ಮರುದಿನ ಸಿರುಗುಪ್ಪದ ಗುಮಾಸ್ತರ ಟ್ರಂಕ್‌ಕಾಲ್: ‘ಏನ್ರೀ, ನಮ್ಮ ಮಿಲ್ಲು ಎತ್ತಿಕೊಂಡು ಹೋಗಿ ಕುರುಗೋಡಿನ್ಯಾಗ ಇಟ್ಟೀರಂತ? ಒಂದು ಮಾತು ಹೇಳಬಾರದೇನ್ರಿ?’

ವೇಣಕ್ಕ ಸಿಟ್ಟಾಗಲಿಲ್ಲ. ಎರಡು ದಿನ ಕೂತು ಆ ಹನ್ನೊಂದೂ ಸಾಲುಗಳನ್ನು ಒಂದು ಫೈಲಿನಲ್ಲಿ ಪೋಣಿಸಿದಳು. ಅದಕ್ಕೆ ‘ಆತು’ ಎಂದೇ ಹೆಸರಿಟ್ಟಳು. ಇನ್ನು ‘ಆತು ಕುರುಗೋಡು’ ಎಂದು ಟೈಪ್ ಮಾಡಿದರೆ ಸಾಕು, ಉಳಿದದ್ದನ್ನು ಕಂಪ್ಯೂಟರೇ ಮಾಡಿಕೊಳ್ಳುತ್ತದೆ ಎಂದಳು.

ನಾನು ಬಿಡುತ್ತೇನೆಯೇ? ‘ಅಕ್ಕಾ, ಮನುಷ್ಯ ತಪ್ಪಿದ್ರ ಒಂದು ಸಾಲು ತಪ್ತಾನ. ಇದು ತಪ್ಪಿದ್ರ ಹನ್ನೊಂದೂ ಒಂದೇ ಉಸಿರಿಗೆ ತಪ್ತೈತಿ!’ ಮೂರು ಪಾಯಿಂಟು, ಒಂದು ಉಪಸಂಹಾರ.

‘ಮುಗೀತೇನಲೇ ಭಾಷಣ? ಫ್ಲಾಪಿ ಹಾಕು.’

ಬೇಕೆಂದೇ ಸಿರುಗುಪ್ಪದ್ದನ್ನು ಹಾಕಿದೆ. ಅವಳು ‘ಆತು ಕುರುಗೋಡು’ ಎಂದು ಟೈಪ್ ಮಾಡಿದಳು. ಡ್ರೈವು ಒಮ್ಮೆ ಗೊರಗೊರ ಎಂದಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚ ಬಳ್ಳಾರಿ ಕನ್ನಡ ಮೂಡಿತು: ‘ಇದು ಕುರುಗೋಡಿಂದಲ್ಲ. ತೆಗಿಯಲೇ.’

ಎರಡೂ ಫ್ಲಾಪಿಯೊಳಗೆ ಅವಳು ಮೊದಲೇ ಊರಿನ ಹೆಸರಿನ ಗುರುತು ಹಾಕಿಟ್ಟಿದ್ದಳು. ಗುರುತು ತಾಳೆಯಾಗದಿದ್ದರೆ ಕೆಲಸ ಮುಂದೆ ಹೋಗುವುದಿಲ್ಲ. ಆ ‘ಲೇ’ ಮಾತ್ರ ನನಗಾಗಿಯೇ ಬರೆದದ್ದು! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸರಿಯಾದ ಫ್ಲಾಪಿ ಹಾಕಿ ಕೈಕಟ್ಟಿ ಕೂತಾಗ ಸಾಹೇಬರು ಒಳಗೆ ಬಂದರು. ‘ಯಾಕ್ರಪ್ಪಾ, ಯಾರೂ ಓದಾಕತ್ತಿಲ್ಲ?’ ಎಂದು ಗಾಬರಿಯಾದರು. ಕೆಲಸ ಮುಗಿದಾಗ ಮಗುವಿನಂತೆ ಕುಣಿದರು. ಅವತ್ತು ಎಲ್ಲರಿಗೂ ಒಗ್ಗರಣಿ ಮಂಡಕ್ಕಿ, ಮಿರ್ಚಿ.

ಈಗ ದಿನಾ ಯಾರಾದರೂ ನೋಡಲು ಬರುತ್ತಾರೆ. ಸಾಹೇಬರು ಕಥೆ ಮುಗಿಸಿ ಕೂಗುತ್ತಾರೆ: ‘ವೇಣೀ, ಬಾರಮ್ಮಾ, ಟೈಪ್ ಮಾಡಿ ತೋರ್ಸು!’ ಬಂದವರು ಚಪ್ಪಾಳೆ ತಟ್ಟುತ್ತಾರೆ. ವೇಣಕ್ಕ ನಗುತ್ತಾಳೆ. ಮೋಕಾ ಮಿಲ್ಲಿನ ಕಾಗದಗಳು ಮಾತ್ರ ಅವಳ ಕೈಗೆ ಬಂದಿಲ್ಲ, ಇನ್ನೂ ಸಾಹೇಬರ ಮೇಜಿನ ಮೇಲೇ ಇವೆ.

ಈ ಅಂಕಣವನ್ನು ಸಾಹೇಬರು ತಪ್ಪದೆ ಓದುತ್ತಾರೆ. ಆದ್ದರಿಂದ ಇಲ್ಲೇ ಕೇಳಿಬಿಡುತ್ತೇನೆ: ಸಾರ್, ಆ ಒಂದು ಸಾಲನ್ನು ನೀವೇ ಟೈಪ್ ಮಾಡಿದರೆ ಆಗದೇ?